ಬಾಗ್ಲು ಹಾಕು, ಜನ ನೋಡ್ತಾರೆ

ಕಡೂರು ದಾಟಿ ಬೀರೂರಿನ ಕಡೆ ಹೋಗುವ ಹೆದ್ದಾರಿ ಪಕ್ಕದ ಹೋಟೆಲಿನ ಅಂಗಳದಲ್ಲಿ ಕಳೆದ ಚಳಿಗಾಲ ಒಂದು ಕ್ಯಾರವಾನ್ ನಿಂತಿತ್ತು. ಶೂಟಿಂಗಿನವರದ್ದಿರಬೇಕು ಅಂದುಕೊಂಡೆ. ಅಲ್ಲ, ಬೆಂಗಳೂರಿನ ಒಂದು ಸಂಸಾರ ಕೆಮ್ಮಣ್ಣುಗುಂಡಿಗೆ ಹೊರಟಿತ್ತು. ವ್ಯಾನಿನ ಪಕ್ಕೆಯಿಂದ ಚಾಚಿದ ನೆರಳು, ಅದರಡಿ ಮಡಿಸುವ ಕುರ್ಚಿ, ಕುರ್ಚಿಯ ಬೆನ್ನಿನ ಮೇಲೆ ಬೂದು ಮೈಯ, ಕೆಂಪು ಬಾಲದ ಆಫ್ರಿಕಾದ ಗಿಳಿ. ಅದು ನನ್ನನ್ನು ನೋಡಿ ‘ಊಟ ಆಯ್ತಾ ಅಂಕಲ್?’ ಅಂದಿತು. ನಾನು ‘ಆಯ್ತು’ ಅಂತ ಗಿಳಿಗೇ ಉತ್ತರ ಕೊಟ್ಟದ್ದು ಕಂಡು ಆ ಮನೆಯ ಹುಡುಗಿಗೆ ಖುಷಿಯಾಗಿರಬೇಕು, ಒಳಗೆ ಕರೆದು ಎಲ್ಲ ತೋರಿಸಿದಳು. ಹಾಸಿಗೆ, ಒಲೆ, ಪುಟ್ಟ ಫ್ರಿಜ್ಜು, ಟಿವಿ. ಕೊನೆಗೆ ಬೀರುವಿನದಿರಬೇಕು ಅನ್ನಿಸುವಂಥ ಒಂದು ಕಿರುಬಾಗಿಲು ತೆಗೆದು ‘ಇದು ಬಾತ್‌ರೂಮ್’ ಅಂದಳು. ಮಿಕ್ಕಿದ್ದನ್ನೆಲ್ಲ ನೋಡಿ ತಲೆಯಾಡಿಸಿದವನು ಆ ಬಾಗಿಲ ಮುಂದೆ ಮಾತ್ರ ಸ್ವಲ್ಪ ಹೊತ್ತು ನಿಂತೆ.

ನಾನೂ ಒಂದು ಕಾಲದಲ್ಲಿ ಮಾತಾಡುವ ಗಿಳಿಯ ಜೊತೆ ವ್ಯಾನಿನಲ್ಲೇ ವಾಸ ಮಾಡಿದವನು. ಇದೇ ರಸ್ತೆ, ಇದೇ ಊರುಗಳು. ಎಂಬತ್ತರ ದಶಕದ ನಡುಭಾಗ. ಪಿಯುಸಿ ಕೈಕೊಟ್ಟಿತ್ತು. ಮನೆಯಲ್ಲಿ ಕೂತು ಅನ್ನ ತಿನ್ನುವುದಕ್ಕೆ ನಾಚಿಕೆಯಾಗುತ್ತಿದ್ದ ದಿನಗಳಲ್ಲಿ ನೆಂಟರೊಬ್ಬರು ನನ್ನನ್ನು ಸಂತೆ ಸಂತೆಗೆ ಹೋಗಿ ಹಲ್ಲುಪುಡಿ, ನೋವಿನೆಣ್ಣೆ ಮಾರುವ ಒಬ್ಬರ ಕೈಗೆ ಒಪ್ಪಿಸಿದರು. ‘ಸಂಬಳ ಅಂತ ಕೇಳಬೇಡ, ಲೋಕಜ್ಞಾನ ಬರುತ್ತೆ’ ಅಂದರು. ಸಂಬಳದ ವಿಷಯದಲ್ಲಿ ಅವರು ಹೇಳಿದ್ದು ನಿಜವಾಯಿತು.

ಮಾಲೀಕರನ್ನು ಎಲ್ಲರೂ ಅಣ್ಣೋರು ಅನ್ನುತ್ತಿದ್ದರು. ಅವರ ಹೆಂಡತಿ ನನಗೆ ಅಕ್ಕ. ಅವರದ್ದು ಬಜಾಜ್ ಟೆಂಪೋ ಕಂಪನಿಯ ಮೆಟಡೋರ್. ಆ ಕಾಲದಲ್ಲಿ ಮದುವೆ ದಿಬ್ಬಣದಿಂದ ಹಿಡಿದು ಹಾಲಿನ ಕ್ಯಾನಿನವರೆಗೆ ಎಲ್ಲವನ್ನೂ ಹೊತ್ತ ಗಾಡಿ ಅದು. ಹಿಂದಿನ ಸೀಟು ಕಿತ್ತು ಹಲಗೆಯ ಮಂಚ ಹೊಡೆಸಿದ್ದರು. ಮಂಚದ ಕೆಳಗೆ ಹಲ್ಲುಪುಡಿಯ ರಟ್ಟಿನ ಪೆಟ್ಟಿಗೆಗಳು, ಒಂದು ಟ್ರಂಕು, ಪಂಪ್ ಸ್ಟವ್, ಎರಡು ಕೊಡ. ಡ್ರೈವರ್ ಸೀಟಿಗೂ ಮಂಚಕ್ಕೂ ನಡುವೆ ಹಳೇ ಸೀರೆಯ ಪರದೆ. ಮೇಲೆ ಕ್ಯಾರಿಯರಿನಲ್ಲಿ ಮೈಕಿನ ಕಹಳೆ ಮತ್ತು, ಮಳೆಯಿಲ್ಲದ ರಾತ್ರಿ, ನಾನು. ಮಳೆ ಬಂದರೆ ನನ್ನ ಹಾಸಿಗೆ ಗಾಡಿಯ ಅಡಿಗೆ. ಅವರಿಗೆ ಬೇರೆ ಮನೆ ಇರಲಿಲ್ಲ. ಹಬ್ಬಕ್ಕೆ ಹೋಗುವ ಊರಿತ್ತು, ಇಳಿದುಕೊಳ್ಳುವ ಅಣ್ಣತಮ್ಮಂದಿರ ಮನೆಯಿತ್ತು. ಬೀಗ ಹಾಕಿ ನಮ್ಮದು ಅನ್ನುವಂಥದ್ದು ಅಂದರೆ ಆ ಮೆಟಡೋರ್ ಒಂದೇ.

ಪರದೆಯ ಪಕ್ಕ ಕೊಕ್ಕೆಯಲ್ಲಿ ಗಿಳಿಯ ಪಂಜರ ತೂಗುತ್ತಿತ್ತು. ಜನರೆದುರು ಅದರ ಹೆಸರು ರಾಜ. ‘ಮಾತಾಡುವ ರಾಜ, ಕೇಳಿದ್ದಕ್ಕೆ ಉತ್ತರ ಕೊಡುವ ರಾಜ’ ಅಂತ ಅಣ್ಣೋರು ಮೈಕಿನಲ್ಲಿ ಕೂಗುತ್ತಿದ್ದರು. ಕೊರಳಲ್ಲಿ ಉಂಗುರ ಇಲ್ಲದ ಗಿಳಿ ರಾಜ ಹೇಗಾಗುತ್ತೆ ಅನ್ನುವುದು ಅಕ್ಕನ ತಕರಾರು. ನಮ್ಮ ಊರ ಗಿಳಿಯಲ್ಲಿ ಕೊರಳಿನ ಗುಲಾಬಿ-ಕಪ್ಪು ಪಟ್ಟಿ ಬೆಳೆದ ಗಂಡಿಗೆ ಮಾತ್ರ. ಎರಡು ಮೂರು ವರ್ಷ ತುಂಬಿದ ಮೇಲೆ ಮೂಡುವಂಥದ್ದು. ಎಷ್ಟು ವರ್ಷವಾದರೂ ಇದಕ್ಕೆ ಮೂಡಲಿಲ್ಲ. ಅಕ್ಕ ಅದನ್ನು ಗೌರಿ ಅನ್ನುತ್ತಿದ್ದರು. ಹಸಿಮೆಣಸಿನಕಾಯಿ ಹಿಡಿದು ಕರೆದರೆ ಅದು ಎರಡು ಹೆಸರಿಗೂ ಓಗೊಡುತ್ತಿತ್ತು. ಎಡಗಾಲಿನ ಎರಡು ಬೆರಳು ಮುಂದೆ, ಎರಡು ಹಿಂದೆ ಮಾಡಿ ಮೆಣಸಿನಕಾಯನ್ನು ಹಿಡಿದು, ತುದಿ ಕಚ್ಚಿ ಬಿಸಾಡಿ, ಸಿಪ್ಪೆ ಸೀಳಿ ಬೀಜವನ್ನಷ್ಟೇ ಒಂದೊಂದಾಗಿ ನಾಲಿಗೆಯಲ್ಲಿ ಆಯುವುದು ನೋಡಿದರೆ ನಮ್ಮ ಕಣ್ಣಲ್ಲಿ ನೀರು ಬರುತ್ತಿತ್ತು. ಅದಕ್ಕೆ ಏನೂ ಇಲ್ಲ. ಹಕ್ಕಿಗಳಿಗೆ ಮೆಣಸಿನ ಖಾರ ತಟ್ಟುವುದೇ ಇಲ್ಲವಂತೆ. ಅಣ್ಣೋರು ಅದನ್ನೂ ವ್ಯಾಪಾರಕ್ಕೆ ಬಳಸಿಕೊಂಡಿದ್ದರು: ‘ನೋಡಿ, ನಮ್ಮ ಪುಡಿಯಲ್ಲಿ ಉಜ್ಜಿದ ಬಾಯಿ!’ ಗಿಳಿಗೆ ಹಲ್ಲೆಲ್ಲಿದೆ ಅಂತ ಕೇಳಿದವರು ತೀರಾ ವಿರಳ.

ನಮ್ಮ ತಿರುಗಾಟಕ್ಕೆ ಪಂಚಾಂಗ ಬರೆದದ್ದು ಬೆಳೆಗಳು. ಈರುಳ್ಳಿ ಕಿತ್ತು ಲಾರಿಗೆ ತುಂಬುವ ಕಾಲಕ್ಕೆ ಅಜ್ಜಂಪುರದ ಕಡೆ ಇರಬೇಕು, ಅಡಿಕೆ ಬೇಯಿಸುವ ಹೊತ್ತಿಗೆ ತರೀಕೆರೆ, ಲಿಂಗದಹಳ್ಳಿ. ಕಡೂರಿನಲ್ಲಿ ತೆಂಗಿದ್ದವರ ಕೈಯಲ್ಲಿ ವರ್ಷವಿಡೀ ಸ್ವಲ್ಪ ಕಾಸು ಆಡುತ್ತಿತ್ತಾದ್ದರಿಂದ ಮಿಕ್ಕ ದಿನ ಅಲ್ಲಿ. ಇಷ್ಟು ಹತ್ತಿರದಲ್ಲಿ ನೆಲ ಇಷ್ಟು ಬೇರೆಯಾಗುವ ಜಾಗ ಕಡಿಮೆ. ಕಡೂರು ಮಲೆನಾಡಿನ ಜಿಲ್ಲೆಯಲ್ಲಿದ್ದೂ ಮಳೆ ನೆರಳಿನ ಬಯಲು. ಆ ಜಿಲ್ಲೆಗೇ ಒಂದು ಕಾಲದಲ್ಲಿ ಕಡೂರು ಜಿಲ್ಲೆ ಅಂತ ಹೆಸರಿತ್ತು, ಊರಿಗೆ ಮಳೆ ಮಾತ್ರ ಬರಲಿಲ್ಲ. ತರೀಕೆರೆಗೆ ಬಂದರೆ ಬೆಟ್ಟ ಎದುರಿಗೇ ಎದ್ದು ನಿಂತು, ಗಾಳಿಯಲ್ಲಿ ತೋಟದ ಒದ್ದೆ ವಾಸನೆ. ಅಜ್ಜಂಪುರಕ್ಕೆ ತಿರುಗಿದರೆ ಎರೆಮಣ್ಣು, ಮತ್ತೆ ಅಮೃತಮಹಲ್ ಕಾವಲು. ಮೈಸೂರು ಒಡೆಯರ ದನದ ಹಿಂಡು ನೋಡಿಕೊಳ್ಳುತ್ತಿದ್ದ ಬೆಣ್ಣೆ ಚಾವಡಿ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆಯಿತು. ಸೈನ್ಯದ ಫಿರಂಗಿ ಎಳೆದ ಆ ತಳಿಯ ಸರ್ಕಾರಿ ಸಂವರ್ಧನಾ ಕೇಂದ್ರ ಇವತ್ತಿಗೂ ಅಲ್ಲಿದೆ. ಬೂದು ಮೈ, ಹಿಂದಕ್ಕೆ ಬಾಗಿ ಮತ್ತೆ ನೆಟ್ಟಗಾಗುವ ಉದ್ದ ಕೋಡು. ಆ ಹಸುಗಳು ನಮ್ಮ ಮೈಕನ್ನು ಸಹಿಸುತ್ತಿರಲಿಲ್ಲ. ಕಾವಲಿನ ಪಕ್ಕ ಹೋಗುವಾಗ ಅಣ್ಣೋರು ತಾವಾಗಿಯೇ ಅದನ್ನು ಆರಿಸುತ್ತಿದ್ದರು. ಅವರು ಬೇರೆ ಯಾರಿಗೂ ಅಷ್ಟು ಮರ್ಯಾದೆ ಕೊಟ್ಟದ್ದನ್ನು ನಾನು ಕಂಡಿಲ್ಲ.

ಹಲ್ಲುಪುಡಿಯ ಬಗ್ಗೆ ಈಗ ಮುಚ್ಚುಮರೆ ಬೇಕಿಲ್ಲ. ಕಾವಿ, ಸ್ಫಟಿಕ, ಉಪ್ಪು, ಕರ್ಪೂರ, ಒಂದಿಷ್ಟು ಲವಂಗದೆಣ್ಣೆ. ಆ ಕೆಂಪು ಕೆಮ್ಮಣ್ಣುಗುಂಡಿಯ ಮೂಲಿಕೆಯದ್ದು, ಬಾಬಾಬುಡನ್‌ಗಿರಿಯ ಸಾಧುವೊಬ್ಬರು ಕನಸಿನಲ್ಲಿ ಹೇಳಿದ್ದು ಅಂತ ಅಣ್ಣೋರ ಭಾಷಣ. ಕೆಮ್ಮಣ್ಣುಗುಂಡಿಯ ಕೆಂಪಿನ ಕಾರಣ ಕಬ್ಬಿಣದ ಅದಿರು. ಭದ್ರಾವತಿಯ ಕಾರ್ಖಾನೆ ಅದನ್ನೇ ತರಿಸಿಕೊಂಡು ಕಬ್ಬಿಣ ಕಾಯಿಸಿತು ಅನ್ನುವುದು ಆ ಕಡೆಯ ಪ್ರತಿ ಹುಡುಗನಿಗೂ ಗೊತ್ತು. ಆದರೂ ಜನ ಕೊಳ್ಳುತ್ತಿದ್ದರು. ಲವಂಗದೆಣ್ಣೆಗೆ ಹಲ್ಲುನೋವು ಸ್ವಲ್ಪ ಹೊತ್ತು ಮರಗಟ್ಟುತ್ತದೆ, ಅದು ಸುಳ್ಳಲ್ಲ. ಹಾಗೆ ನೋಡಿದರೆ ಅಣ್ಣೋರು ಕೆಟ್ಟವರಲ್ಲ. ಬಸ್ಸು ತಪ್ಪಿದವರನ್ನು ದಾರಿಯಲ್ಲಿ ಹತ್ತಿಸಿಕೊಳ್ಳುತ್ತಿದ್ದರು, ನನ್ನ ತಟ್ಟೆಗೆ ತಮ್ಮ ತಟ್ಟೆಯಿಂದ ಮುದ್ದೆ ಮುರಿದು ಹಾಕುತ್ತಿದ್ದರು. ಸಾಲಗಾರರನ್ನು ಕಂಡಾಗ ಮಾತ್ರ ಗಾಡಿಯ ಆ ಪಕ್ಕದಿಂದ ಇಳಿಯುತ್ತಿದ್ದರು.

ಗಿಳಿಗೆ ಮಾತು ಕಲಿಸಲು ಅವರು ಪಟ್ಟ ಪಾಡು ದೊಡ್ಡದು. ಪಂಜರಕ್ಕೆ ಬಟ್ಟೆ ಹೊದಿಸಿ, ದಿನಾ ಬೆಳಿಗ್ಗೆ ‘ಬನ್ನಿ ಬನ್ನಿ, ಹಲ್ಲುಪುಡಿ ತಗೊಳ್ಳಿ’ ಅಂತ ಒಂದೇ ಸಮನೆ ಉರು ಹೊಡೆಸುತ್ತಿದ್ದರು. ನಮಗೆಲ್ಲ ಬಾಯಿಪಾಠ ಆಯಿತು, ಗಿಳಿಗೆ ಆಗಲಿಲ್ಲ. ಅದು ಕಲಿತದ್ದು ಬೇರೆಯೇ. ಬಸ್ ಸ್ಟ್ಯಾಂಡುಗಳಲ್ಲಿ ಕಂಡಕ್ಟರುಗಳಿಂದ ‘ರೈಟ್’ ಕಲಿತಿತು. ರೇಡಿಯೋ ಹಾಕಿದ ಕೂಡಲೇ ಭದ್ರಾವತಿ ನಿಲಯದವರಿಗಿಂತ ಮೊದಲೇ ‘ಇದು ಆಕಾಶವಾಣಿ’ ಅನ್ನುತ್ತಿತ್ತು. ಬೀರೂರಿನಲ್ಲಿ ಒಮ್ಮೆ ಅಣ್ಣೋರು ಟೈರು ಒದ್ದು ನೋಡಲು ಇಳಿದಿದ್ದಾಗ ಅದು ‘ರೈಟ್’ ಅಂದದ್ದೇ ತಡ, ಹೊಸದಾಗಿ ಸ್ಟೀರಿಂಗ್ ಹಿಡಿದಿದ್ದ ನಾನು ಗಾಡಿ ಬಿಟ್ಟೆ. ಅವರು ಪಂಚೆ ಎತ್ತಿ ಹಿಂದೆ ಓಡಿಬಂದದ್ದನ್ನು ಇಡೀ ಬಸ್ ಸ್ಟ್ಯಾಂಡು ನೋಡಿತು. ಇನ್ನೊಮ್ಮೆ ತರೀಕೆರೆಯಲ್ಲಿ ಸಾಲ ಕೊಟ್ಟವರೊಬ್ಬರು ಬಾಗಿಲಿಗೇ ಬಂದು ನಿಂತಾಗ, ಅಣ್ಣೋರು ಬಾಯಿ ತೆರೆಯುವ ಮುಂಚೆ ಒಳಗಿನಿಂದ ‘ನಾಳೆ ಕೊಡ್ತೀನಿ’ ಅಂತ ಕೇಳಿಸಿತು. ಸಾಲ ಕೊಟ್ಟವರು ನಕ್ಕು ಒಂದು ವಾರದ ವಾಯಿದೆ ಕೊಟ್ಟು ಹೋದರು.

ಆದರೆ ಸಂತೆಯಲ್ಲಿ ಜನ ಹೊಟ್ಟೆ ಹಿಡಿದು ನಗುತ್ತಿದ್ದದ್ದು ಈ ಮಾತುಗಳಿಗಲ್ಲ. ಪಂಜರದ ಸುತ್ತ ನೂರು ಜನ ಸೇರಿದಾಗ ಗಿಳಿ ತಲೆ ಓರೆ ಮಾಡಿ, ಹೆಂಗಸಿನ ದನಿಯಲ್ಲಿ, ಸ್ವಲ್ಪ ಸಿಡುಕಿನಿಂದ ‘ಬಾಗ್ಲು ಹಾಕು, ಜನ ನೋಡ್ತಾರೆ’ ಅನ್ನುತ್ತಿತ್ತು. ಸಂತೆ ಬಿದ್ದು ಬಿದ್ದು ನಗುತ್ತಿತ್ತು. ಅದು ಬಿಟ್ಟರೆ ‘ನೀರು ಸಿಕ್ತಾ?’, ಅದು ಬಿಟ್ಟರೆ ‘ಇನ್ನೂ ಎಷ್ಟೊತ್ತು?’ ಈ ಮೂರು ಮಾತಿನ ಬಲದ ಮೇಲೆ ನಮ್ಮ ವ್ಯಾಪಾರ ನಡೆಯಿತು ಅಂದರೆ ಅತಿಶಯವಲ್ಲ. ಹಲ್ಲುಪುಡಿ ಆಮೇಲೆ. ಅಣ್ಣೋರು ಪ್ರಶ್ನೆಗಳನ್ನೇ ಆ ಉತ್ತರಗಳಿಗೆ ಹೊಂದಿಸಿಕೊಂಡಿದ್ದರು. ‘ರಾಜ, ಈ ಗೌಡರಿಗೆ ಏನು ಹೇಳ್ತೀಯ?’ ‘ಇನ್ನೂ ಎಷ್ಟೊತ್ತು?’ ಮತ್ತೆ ನಗು. ಅಕ್ಕ ಪರದೆಯ ಹಿಂದೆ ಪುಡಿ ಪೊಟ್ಟಣ ಕಟ್ಟುತ್ತಾ ಕೂತಿರುತ್ತಿದ್ದರು.

ಗಿಳಿ ಹೇಗೆ ಮಾತು ಕಲಿಯುತ್ತದೆ ಅನ್ನುವುದನ್ನು ಬಹಳ ವರ್ಷಗಳ ನಂತರ ಓದಿದೆ. ಐರೀನ್ ಪೆಪ್ಪರ್‌ಬರ್ಗ್ ಅನ್ನುವ ಅಮೆರಿಕದ ವಿಜ್ಞಾನಿ 1977ರಲ್ಲಿ ಅಲೆಕ್ಸ್ ಅನ್ನುವ ಬೂದು ಗಿಳಿಯೊಂದನ್ನು ಅಂಗಡಿಯಿಂದ ಕೊಂಡು ತಂದು, ಅದು 2007ರಲ್ಲಿ ಸಾಯುವವರೆಗೂ ಅದರ ಜೊತೆ ಕೆಲಸ ಮಾಡಿದರು. ಅವರು ಅದಕ್ಕೆ ಉರು ಹೊಡೆಸಲಿಲ್ಲ. ಗಿಳಿಯೆದುರು ಇಬ್ಬರು ಮನುಷ್ಯರು ಕೂತು ಒಬ್ಬರು ಕೇಳಬೇಕು, ಇನ್ನೊಬ್ಬರು ಉತ್ತರಿಸಬೇಕು, ಉತ್ತರಿಸಿದವರಿಗೆ ವಸ್ತು ಸಿಗಬೇಕು. ನೋಡುತ್ತಾ ಕೂತ ಗಿಳಿಗೆ ತಾನೂ ಆ ಮಾತಿನ ನಡುವೆ ಬಾಯಿ ಹಾಕಬೇಕು ಅನ್ನಿಸುತ್ತದೆ. ಕಾಡಿನಲ್ಲಿ ಹಿಂಡಿನ ಜೊತೆ ದನಿ ಸೇರಿಸಿ ಬದುಕುವ ಹಕ್ಕಿ ಅದು. ಪಂಜರದಲ್ಲಿ ಹಿಂಡು ಅಂದರೆ ಹತ್ತಿರ ಇರುವ ಮನುಷ್ಯರೇ. ಅಣ್ಣೋರ ಪಾಠ ಅದಕ್ಕೆ ಬರೀ ಸದ್ದು. ಪರದೆಯ ಈಚೆ ದಿನವಿಡೀ ನಡೆಯುತ್ತಿದ್ದ ಮಾತು, ಅದರಲ್ಲೂ ಸಿಟ್ಟು ಬಂದಾಗ, ಭಯವಾದಾಗ ಆಡಿದ ಮಾತು, ಅದಕ್ಕೆ ಬೇಕಾಗಿತ್ತು.

ಆ ಮಾತೆಲ್ಲ ಅಕ್ಕನದು. ನಾನು, ಅಣ್ಣೋರು ಗಾಡಿ ನಿಂತ ಕೂಡಲೇ ಇಳಿಯುತ್ತಿದ್ದೆವು. ಟೀ, ಬೀಡಿ, ಪೇಪರು, ಸಂತೆಯ ಸುದ್ದಿ. ಒಳಗೇ ಉಳಿಯುತ್ತಿದ್ದವರು ಅವರಿಬ್ಬರೇ, ಅಕ್ಕ ಮತ್ತು ಗೌರಿ. ಕೆರೆಯಿಂದಲೋ ಬೋರಿನಿಂದಲೋ ನಾನು ಕೊಡ ಹೊತ್ತು ಬಂದರೆ ಅವರ ಮೊದಲ ಮಾತು ‘ನೀರು ಸಿಕ್ತಾ?’ ಮಂಚಕ್ಕೆ ಅಡ್ಡ ಸೀರೆ ಹಿಡಿದು, ಬಗ್ಗಿ, ಮೈ ತೊಳೆದುಕೊಂಡು ಸೀರೆ ಉಡುವಾಗ ಯಾರಾದರೂ ಬಾಗಿಲು ಎಳೆದರೆ ‘ಬಾಗ್ಲು ಹಾಕು, ಜನ ನೋಡ್ತಾರೆ.’ ಸಂಸ್ಕೃತದ ‘ಕಾದಂಬರಿ’ಯ ಗಿಳಿ ವೈಶಂಪಾಯನ ಶೂದ್ರಕ ರಾಜನ ಆಸ್ಥಾನದಲ್ಲಿ ತನ್ನ ಕತೆ ತಾನೇ ಹೇಳಿತು. ನಮ್ಮ ಗಿಳಿ ಸಂತೆಯ ನಡುವೆ ಇನ್ನೊಬ್ಬರ ಕತೆ ಹೇಳುತ್ತಿತ್ತು. ಕೇಳಿದವರು ನಗುತ್ತಿದ್ದರು, ನಾವು ದುಡ್ಡು ಎಣಿಸುತ್ತಿದ್ದೆವು.

ಹತ್ತೊಂಬತ್ತರ ಹುಡುಗನಿಗೆ ಆ ಬದುಕು ಸ್ವರ್ಗವಾಗಿತ್ತು. ಇವತ್ತಿಗೂ ಯಾರಾದರೂ ಕೇಳಿದರೆ ಕ್ಯಾರಿಯರ್ ಮೇಲೆ ಮಲಗಿ ನಕ್ಷತ್ರ ನೋಡಿದ್ದನ್ನೇ ಹೇಳಲು ಬಾಯಿ ಬರುತ್ತದೆ. ಆ ಮೂರು ಊರುಗಳ ನಕ್ಷೆ ನನ್ನ ತಲೆಯಲ್ಲಿ ಬರೆದದ್ದು ಚೌಚೌ ಭಾತ್ ಎಲ್ಲಿ ಚೆನ್ನ, ಯಾವ ಟಾಕೀಸಿನಲ್ಲಿ ಯಾವ ಸಿನಿಮಾ ಅನ್ನುವ ಲೆಕ್ಕದಲ್ಲಿ. ಅಕ್ಕನ ಹತ್ತಿರ ಬೇರೆ ನಕ್ಷೆ ಇತ್ತು. ಕಡೂರು: ನೀರಿಲ್ಲ, ಮರೆಯೂ ಇಲ್ಲ, ತೆಂಗಿನ ಮರ ಯಾರನ್ನೂ ಮುಚ್ಚಿಡುವುದಿಲ್ಲ. ತರೀಕೆರೆ: ತೋಟಗಳಿವೆ, ಬೇಲಿಯ ಮರೆ ಇದೆ, ಮಳೆಗಾಲದಲ್ಲಿ ಕತ್ತಲಲ್ಲಿ ಕಾಲಿಡಲು ಹೆದರಿಕೆ. ಅಜ್ಜಂಪುರ: ಕಾವಲಿನ ಬಯಲು, ಕಣ್ಣು ಹಾಯುವವರೆಗೆ ಹುಲ್ಲು, ಹುಲ್ಲಿನ ತುದಿಯಲ್ಲಿ ಯಾರೋ ಒಬ್ಬ ದನ ಕಾಯುವವನು ಇದ್ದೇ ಇರುತ್ತಾನೆ. ಹಾಗಾಗಿ ಬೆಳಕು ಹರಿಯುವ ಮುಂಚೆ ಏಳಬೇಕು, ಅಥವಾ ಕತ್ತಲಾಗುವವರೆಗೆ ತಡೆಯಬೇಕು. ತಡೆಯಬೇಕು ಅಂದರೆ ನೀರು ಕುಡಿಯಬಾರದು. ಬೇಸಿಗೆಯಲ್ಲಿ ಅವರು ನೀರು ಕುಡಿಯದೆ ಇರುತ್ತಿದ್ದದ್ದನ್ನು ನಾವು ಅಕ್ಕನ ವ್ರತಗಳಲ್ಲಿ ಒಂದು ಅಂದುಕೊಂಡಿದ್ದೆವು. ಎರಡು ಸಲ ಆಸ್ಪತ್ರೆಗೆ ಸೇರಿದರು. ಮೂತ್ರಕೋಶದ ತೊಂದರೆ ಅಂತ ಅಣ್ಣೋರು ಗೊಣಗುತ್ತಾ ಹೇಳಿದರು, ಯಾಕೆ ಅಂತ ನಾನು ಕೇಳಲಿಲ್ಲ, ಕೇಳುವ ಮಾತೂ ಅದಲ್ಲ ಅನ್ನುವ ಕಾಲ.

ಅವರ ನಕ್ಷೆಯ ರಾಜಧಾನಿ ಬೀರೂರು. ಹುಬ್ಬಳ್ಳಿ ಕಡೆಗೂ ಶಿವಮೊಗ್ಗ ಕಡೆಗೂ ರೈಲು ಕವಲೊಡೆಯುವ ಜಂಕ್ಷನ್. ಆಗ ಇನ್ನೂ ಮೀಟರ್ ಗೇಜ್, ಉಗಿ ಬಂಡಿಯ ಹೊಗೆ. ಅಲ್ಲಿ ಮಹಿಳೆಯರಿಗೆ ಅಂತ ವಿಶ್ರಾಂತಿ ಕೊಠಡಿ ಇತ್ತು, ನಲ್ಲಿ ಇತ್ತು, ಒಳಗಿನಿಂದ ಹಾಕಿಕೊಳ್ಳುವ ಚಿಲಕ ಇತ್ತು. ಕಡೂರಿನಿಂದ ತರೀಕೆರೆಗೆ ಹೋದರೂ, ಅಜ್ಜಂಪುರದಿಂದ ಹೊರಟರೂ, ರಾತ್ರಿ ಬೀರೂರಿನಲ್ಲೇ ತಂಗಬೇಕು ಅಂತ ಅಕ್ಕನ ಹಟ. ಎಂಜಿನ್ ಆರಲಿ ಅಂತ ನಿಲ್ಲಿಸುತ್ತೇವೆ ಅನ್ನುವುದು ಅಣ್ಣೋರು ಜನರಿಗೆ ಹೇಳುತ್ತಿದ್ದ ಕಾರಣ. ಅಕ್ಕ ಬಕೆಟ್ಟು, ಟವಲು ಹಿಡಿದು ಪ್ಲಾಟ್‌ಫಾರ್ಮ್ ಟಿಕೆಟ್ ಕೊಂಡು ಹೋಗಿ, ಒಂದು ಗಂಟೆ ಬಿಟ್ಟು ತಲೆಗೂದಲು ಒದ್ದೆ ಮಾಡಿಕೊಂಡು, ಬೇರೆಯೇ ಹೆಂಗಸಾಗಿ ವಾಪಸು ಬರುತ್ತಿದ್ದರು. ಆ ರಾತ್ರಿ ಅಡುಗೆಗೆ ಒಂದು ಪಲ್ಯ ಜಾಸ್ತಿ.

ಅಣ್ಣೋರಿಗೆ ಇಷ್ಟದ ಜಾಗ ತರೀಕೆರೆ ಹತ್ತಿರದ ಅಮೃತಾಪುರ. ದೇವಸ್ಥಾನದ ಹೊರಗೆ ಗಾಡಿ ನಿಲ್ಲಿಸಿ, ಕಂಬಗಳ ನಡುವಿನ ತಣ್ಣನೆಯ ಕಲ್ಲಿನ ಮೇಲೆ ಮಧ್ಯಾಹ್ನ ಮಲಗಿದರೆ ಎದ್ದೇಳುತ್ತಿರಲಿಲ್ಲ. ಅದು ವೀರಬಲ್ಲಾಳನ ದಂಡನಾಯಕ 1196ರಲ್ಲಿ ಕಟ್ಟಿಸಿದ್ದು, ಅಲ್ಲಿಯ ಶಾಸನದ ಪದ್ಯಗಳು ಜನ್ನನವು ಅನ್ನುವುದೆಲ್ಲ ನನಗೆ ಗೊತ್ತಾದದ್ದು ಮತ್ತೆ ಓದಲು ಕೂತ ಮೇಲೆ. ಆಗ ನಾನು ಅಲ್ಲಿ ಗಮನಿಸಿದ್ದು ಒಂದನ್ನೇ. ಸಂಜೆ ತೋಟದ ಕಡೆಯಿಂದ ಗಿಳಿಗಳ ಹಿಂಡು ಕಿರುಚುತ್ತಾ ಗುಡಿಯ ಮೇಲೆ ಹಾದುಹೋಗುವಾಗ ಗೌರಿ ಕಡ್ಡಿಯ ತುದಿಗೆ ಬಂದು, ಮೈಗರಿಯೆಲ್ಲ ಒತ್ತಿಕೊಂಡು ತೆಳ್ಳಗಾಗಿ, ಕುತ್ತಿಗೆ ನೀಡುತ್ತಿತ್ತು. ಕಣ್ಣಪಾಪೆ ಚಿಕ್ಕದಾಗಿ ದೊಡ್ಡದಾಗಿ ಮಿಡಿಯುತ್ತಿತ್ತು. ಆಗ ಅದು ಕನ್ನಡ ಆಡುತ್ತಿರಲಿಲ್ಲ. ಕಿವಿ ಸೀಳುವಂತೆ ಒಂದೇ ಒಂದು ಸಲ ಕಿರುಚುತ್ತಿತ್ತು. ರೆಕ್ಕೆಯ ಉದ್ದ ಗರಿಗಳನ್ನು ಅಣ್ಣೋರು ಕತ್ತರಿಯಲ್ಲಿ ಆಗಾಗ ಕತ್ತರಿಸುತ್ತಿದ್ದರು, ಉಗುರು ಕತ್ತರಿಸುವಷ್ಟೇ ಸಹಜವಾಗಿ. 1972ರ ವನ್ಯಜೀವಿ ಕಾಯ್ದೆ ಆಗಲೂ ಇತ್ತು, ಸಂತೆಗೆ ಮಾತ್ರ ಬಂದಿರಲಿಲ್ಲ. ಈಗ ನಮ್ಮ ನೆಲದ ಗಿಳಿಯನ್ನು ಪಂಜರದಲ್ಲಿಟ್ಟರೆ ಕೇಸು. 2022ರ ತಿದ್ದುಪಡಿಯ ನಂತರ ಅದು ಇನ್ನೂ ಮೇಲಿನ ಪಟ್ಟಿಗೆ ಏರಿದೆ. ಆಫ್ರಿಕಾದ ಗಿಳಿಯಾದರೆ ಸರ್ಕಾರದಲ್ಲಿ ನೋಂದಣಿ ಮಾಡಿಸಿ ಸಾಕಬಹುದು. ನಮ್ಮ ಗಿಳಿಗೆ ಸಿಕ್ಕ ನ್ಯಾಯ ಅವುಗಳಿಗೆ ಯಾವಾಗ ಸಿಗುತ್ತದೋ.

ನಾನು ಪಿಯುಸಿ ಮತ್ತೆ ಕಟ್ಟಿ ಅಲ್ಲಿಂದ ಹೊರಟೆ. ಆಮೇಲೆ ಊರುಗಳೂ ಹೊರಟವು. ತೊಂಬತ್ತರ ದಶಕದಲ್ಲಿ ಬೀರೂರಿಗೆ ಬ್ರಾಡ್ ಗೇಜ್ ಬಂತು. 2013ರಲ್ಲಿ ಕಡೂರಿನಿಂದ ಚಿಕ್ಕಮಗಳೂರಿಗೆ ರೈಲೂ ಓಡಿತು. ತರೀಕೆರೆ ತಾಲ್ಲೂಕಿನ ಹೋಬಳಿಯಾಗಿದ್ದ ಅಜ್ಜಂಪುರ ತಾನೇ ತಾಲ್ಲೂಕಾಯಿತು. ಬೋರ್‌ವೆಲ್ ನಂಬಿಕೊಂಡು ಅಡಿಕೆ ಬಯಲಿಗೂ ಇಳಿದಿದೆ. ಈರುಳ್ಳಿಯ ಎರೆಹೊಲದ ಪಕ್ಕದಲ್ಲಿ ಅಡಿಕೆ ಸಸಿ ನೋಡಿದಾಗ ನನಗೆ ಇವತ್ತಿಗೂ ದಾರಿ ತಪ್ಪಿತೇನೋ ಅನ್ನಿಸುತ್ತದೆ. ಹೆದ್ದಾರಿ ನಾಲ್ಕು ಪಥವಾದ ಮೇಲೆ ಯಾವ ಊರೂ ಅಡ್ಡ ಬರುವುದಿಲ್ಲ, ಅಡ್ಡ ಬರದ ಊರಿನಲ್ಲಿ ಇಳಿದು ಟೀ ಕುಡಿಯುವವರೂ ಇಲ್ಲ. ಹಲ್ಲುಪುಡಿಯ ಮೈಕಿನವರು ಟಿವಿ ಜಾಹೀರಾತಿನ ಮುಂದೆ ನಿಲ್ಲಲಾರದೆ ಒಬ್ಬೊಬ್ಬರಾಗಿ ಮರೆಯಾದರು.

ಅಕ್ಕನನ್ನು ಮತ್ತೆ ಕಂಡದ್ದು ಬಹಳ ವರ್ಷಗಳ ಮೇಲೆ, ಅಜ್ಜಂಪುರದ ಹತ್ತಿರದ ಒಂದು ಹಳ್ಳಿಯಲ್ಲಿ. ಅಣ್ಣೋರು ಅಷ್ಟರಲ್ಲಿ ತೀರಿಕೊಂಡಿದ್ದರು. ತವರಿನವರು ಕೊಟ್ಟ ಜಾಗದಲ್ಲಿ ಎರಡು ಅಂಕಣದ ಮನೆ. ಬಂದವರಿಗೆ ಹಜಾರ, ದೇವರಕೋಣೆ ತೋರಿಸುವುದು ವಾಡಿಕೆ. ಅಕ್ಕ ನನ್ನನ್ನು ನೇರ ಹಿತ್ತಲಿಗೆ ಕರೆದುಕೊಂಡು ಹೋದರು. ಬಚ್ಚಲು, ಅದರ ಪಕ್ಕ ಕಕ್ಕಸು, ಎರಡಕ್ಕೂ ಗಟ್ಟಿ ಬಾಗಿಲು, ಗಟ್ಟಿ ಚಿಲಕ. ‘ಮನೆಗಿಂತ ಮೊದಲು ಇದನ್ನ ಕಟ್ಟಿಸಿದೆ. ಗಾರೆಯವನು ನಕ್ಕ. ಪಾಯಕ್ಕೆ ಕಲ್ಲು ಬರೋ ಮುಂಚೆ ಬಚ್ಚಲಿಗೆ ಬಾಗಿಲು ಬಂತು ನೋಡು ಅಂತ ಊರೆಲ್ಲ ಹೇಳ್ಕೊಂಡು ತಿರುಗಿದ. ತಿರುಗಲಿ ಬಿಡು ಅಂದೆ.’

ಗೌರಿಯನ್ನು ಕೇಳಿದೆ. ಹೊಸ ಮನೆಯ ಪಡಸಾಲೆಯಲ್ಲಿ ಕೆಲವು ವರ್ಷ ಇತ್ತಂತೆ. ಗರಿ ಕತ್ತರಿಸುವುದನ್ನು ಅಕ್ಕ ನಿಲ್ಲಿಸಿದ್ದರು, ಪಂಜರದ ಬಾಗಿಲೂ ತೆಗೆದೇ ಇಡುತ್ತಿದ್ದರು. ಅದು ಪಂಜರದ ಮೇಲೆ ಹತ್ತಿ ಕೂರುತ್ತಿತ್ತು, ತೊಲೆಯವರೆಗೆ ಹಾರುತ್ತಿತ್ತು, ಅದರಾಚೆ ಹೋಗಲಿಲ್ಲ. ನಲ್ಲಿ ತಿರುಗಿಸಿದ ಸದ್ದಾದರೆ ‘ನೀರು ಸಿಕ್ತಾ?’ ಅಂತ ಕೇಳುತ್ತಿತ್ತಂತೆ. ಅಕ್ಕ ಅಡುಗೆಮನೆಯಿಂದಲೇ ‘ಸಿಕ್ತು ಕಣೇ’ ಅನ್ನಬೇಕಿತ್ತು, ಅನ್ನದಿದ್ದರೆ ಬಿಡುತ್ತಿರಲಿಲ್ಲ. ಒಂದು ಮಳೆಗಾಲ ಬೆಕ್ಕು ಹಿಡಿಯಿತು. ‘ಹಾರೋಕೆ ಕಲಿಯೋ ವಯಸ್ಸಲ್ಲಿ ಬಿಡಬೇಕಿತ್ತು’ ಅಂದರು, ಅಷ್ಟೇ.

ಮೆಟಡೋರ್ ಏನಾಯಿತು ಅಂದೆ. ಅಂಗಳದಲ್ಲಿ ಬೇಲಿ ಪಕ್ಕ ಬೋಳಾಗಿದ್ದ ಒಂದು ಚೌಕ ಜಾಗ ತೋರಿಸಿ, ಅಲ್ಲೇ ನಿಂತಿತ್ತು, ಗುಜರಿಯವರು ಒಯ್ದರು ಅಂದರು. ಮನೆ ಎದ್ದ ಮೇಲೂ ಅಣ್ಣೋರು ತಿಂಗಳುಗಟ್ಟಲೆ ರಾತ್ರಿ ಹೋಗಿ ವ್ಯಾನಿನಲ್ಲೇ ಮಲಗುತ್ತಿದ್ದರಂತೆ. ಗೋಡೆಯ ನಡುವೆ ಉಸಿರು ಕಟ್ಟುತ್ತೆ, ನಿದ್ದೆ ಹತ್ತಲ್ಲ ಅಂತ.

‘ನೀವೇನು ಮಾಡಿದ್ರಿ?’

‘ನಾನೇನು ಮಾಡ್ಲಿ. ಒಳಗಿಂದ ಚಿಲಕ ಹಾಕ್ಕೊಂಡು ಮಲಗಿದೆ.’